ಕಾರಿನ ಹಾರನ್ ಪೂರ್ತಿ ನಿಂತಿದೆ: ಹೊಸದು ಕೊಳ್ಳುವ ಮೊದಲು ಏನೇನು ಪರೀಕ್ಷಿಸಬೇಕು?

ಸಕ್ಕರೆನಾಡು

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದಲ್ಲಿದ್ದುಕೊಂಡು ಕೆಲಸಕ್ಕಾಗಿ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶಕ್ಕೆ ಹೋಗಿಬರುವವನು. ನನ್ನದು ಹತ್ತು ವರ್ಷ ದಾಟಿದ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕಾರು. ಕೆಲವು ವಾರಗಳಿಂದ ಹಾರನ್ನಿನ ದನಿ ಗೊಗ್ಗರಾಗಿ ಒಮ್ಮೆ ಬರುತ್ತಿತ್ತು, ಒಮ್ಮೆ ಬರುತ್ತಿರಲಿಲ್ಲ. ಮೊನ್ನೆಯ ಜೋರು ಮಳೆಯ ನಂತರ ಪೂರ್ತಿ ನಿಂತುಹೋಗಿದೆ.

ಬಾನೆಟ್ ಕೆಳಗಿನ ಫ್ಯೂಸ್ ಪೆಟ್ಟಿಗೆಯಲ್ಲಿ ಹಾರನ್ನಿನ ಫ್ಯೂಸನ್ನು ತೆಗೆದು ನೋಡಿದೆ. ಒಳಗಿನ ತಂತಿ ತುಂಡಾಗಿಲ್ಲ. ಸ್ಟೀರಿಂಗ್ ಮೇಲಿರುವ ಮ್ಯೂಸಿಕ್ ಗುಂಡಿಗಳು ಕೆಲಸ ಮಾಡುತ್ತಿವೆ. ಏರ್‌ಬ್ಯಾಗ್ ದೀಪವು ಕೀ ತಿರುಗಿಸಿದಾಗ ಹೊತ್ತಿ, ನಂತರ ಎಂದಿನಂತೆ ಆರುತ್ತದೆ. ಒಂದು ಗ್ಯಾರೇಜಿನಲ್ಲಿ ಕೇಳಿದಾಗ, ಕಾರಿನ ಹತ್ತಿರವೂ ಬಾರದೆ, ಎರಡು ಹಾರನ್‌ಗಳನ್ನೂ ಸ್ಟೀರಿಂಗ್ ಒಳಗಿನ ಕ್ಲಾಕ್ ಸ್ಪ್ರಿಂಗನ್ನೂ (ಹಾರನ್ ಗುಂಡಿಯ ಕರೆಂಟು ಹಾಯುವ ಸುರುಳಿ ತಂತಿ) ಬದಲಿಸಬೇಕೆಂದು ಹೇಳಿ ಸಾವಿರಗಟ್ಟಲೆ ಖರ್ಚಿನ ಅಂದಾಜು ಕೊಟ್ಟರು. ದೋಷ ಎಲ್ಲಿದೆಯೆಂದು ತಿಳಿಯದೆ ಹಣ ಸುರಿಯಲು ಮನಸ್ಸಿಲ್ಲ. ನನ್ನ ಬಳಿ ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಇದೆ. ಅದನ್ನು ಹಿಡಿದು ನೋಡುವಷ್ಟು ತಿಳಿವಳಿಕೆಯೂ ಇದೆ. ಯಾವ ಕ್ರಮದಲ್ಲಿ ನೋಡಬೇಕೆಂದು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಮದ್ದೂರು ಟ್ಯಾಕ್ಸಿ

ಅಣ್ಣ, ಇಷ್ಟಕ್ಕೆ ಗ್ಯಾರೇಜಿಗೆ ಏಕೆ ಹೋಗುತ್ತೀರಿ? ಮುಂದಿನ ಗ್ರಿಲ್ ಹಿಂದೆ ಹಾರನ್ ಕಾಣುತ್ತದೆ. ಒಬ್ಬರು ಸ್ಟೀರಿಂಗಿನಲ್ಲಿ ಹಾರನ್ ಒತ್ತಿ ಹಿಡಿದಿರುವಾಗ ಇನ್ನೊಬ್ಬರು ಸ್ಪ್ಯಾನರಿನ ಹಿಡಿಯಿಂದ ಅದರ ಬೆನ್ನಿಗೆ ಮೆಲ್ಲಗೆ ಎರಡೇಟು ತಟ್ಟಬೇಕು. ನಮ್ಮ ಸ್ಟ್ಯಾಂಡಿನಲ್ಲಿ ಎಲ್ಲರೂ ಮಾಡುವುದು ಇದನ್ನೇ, ಬಹಳ ಸಲ ಕೂಗುತ್ತದೆ.

ಹಳೇ ವೈರಿಂಗ್

ನಾನು ಮೈಸೂರಿನಲ್ಲಿ ಬಹುಕಾಲ ಆಟೋ ಎಲೆಕ್ಟ್ರಿಷಿಯನ್ ಆಗಿದ್ದು ಈಗ ಅಂಗಡಿಯನ್ನು ಮಗನಿಗೆ ಬಿಟ್ಟಿದ್ದೇನೆ. ಮದ್ದೂರಿನವರು ಹೇಳಿದ ತಟ್ಟುವ ವಿದ್ಯೆ ಸುಳ್ಳಲ್ಲ. ಹಾರನ್ನಿನ ಒಳಗೆ ಒಂದು ಕಾಯಿಲ್, ಒಂದು ತೆಳು ಉಕ್ಕಿನ ಡಯಾಫ್ರಂ, ಒಂದು ಜೊತೆ ಪಾಯಿಂಟುಗಳು ಇರುತ್ತವೆ. ಕರೆಂಟು ಹರಿದಾಗ ಕಾಯಿಲ್ ಡಯಾಫ್ರಮ್ಮನ್ನು ಎಳೆಯುತ್ತದೆ. ಆ ಎಳೆತಕ್ಕೆ ಪಾಯಿಂಟುಗಳು ಬಿಟ್ಟುಕೊಂಡು ಕರೆಂಟು ಕಡಿಯುತ್ತದೆ. ಡಯಾಫ್ರಂ ಹಿಂದಕ್ಕೆ ಚಿಮ್ಮುತ್ತದೆ. ಪಾಯಿಂಟುಗಳು ಮತ್ತೆ ಕೂಡುತ್ತವೆ. ಇದು ಸೆಕೆಂಡಿಗೆ ಸುಮಾರು 400ರಿಂದ 500 ಬಾರಿ ನಡೆದಾಗ ನಮಗೆ ಕೇಳಿಸುವುದೇ ಹಾರನ್ ಶಬ್ದ. ತೇವ ಸೇರಿ ಡಯಾಫ್ರಂ ತುಕ್ಕಿನಿಂದ ಹಿಡಿದುಕೊಂಡಿದ್ದರೆ ಅಥವಾ ಪಾಯಿಂಟುಗಳು ಅಂಟಿಕೊಂಡಿದ್ದರೆ ತಟ್ಟಿದಾಗ ಬಿಡುತ್ತವೆ. ಆದರೆ ಹಾಗೆ ಬಿಟ್ಟದ್ದು ಮುಂದಿನ ಮಳೆಗೆ ಮತ್ತೆ ಹಿಡಿಯುತ್ತದೆ. ಆದ್ದರಿಂದ ತಟ್ಟುವುದನ್ನು ಪರೀಕ್ಷೆಯೆಂದು ಇಟ್ಟುಕೊಳ್ಳಿ, ರಿಪೇರಿಯೆಂದು ನಂಬಬೇಡಿ.

ಸಕ್ಕರೆನಾಡು ಅವರೇ, ನಿಮ್ಮ ಕಾರಿನಲ್ಲಿ ಹಾರನ್ ಒತ್ತಿದಾಗ ನಡೆಯುವುದು ಎರಡು ಕೆಲಸ. ಸ್ಟೀರಿಂಗ್ ಮೇಲಿನ ಸ್ವಿಚ್ಚು ನೇರವಾಗಿ ಹಾರನ್ನಿಗೆ ಕರೆಂಟು ಕೊಡುವುದಿಲ್ಲ. ಅದು ರಿಲೇಯ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್ಚು) ಕಾಯಿಲ್‌ಗೆ ಅರ್ತ್, ಅಂದರೆ ಬ್ಯಾಟರಿಯ ಮೈನಸ್ಸಿನ ಸಂಪರ್ಕ, ಕೊಡುತ್ತದೆ, ಅಷ್ಟೆ. ಆ ದಾರಿಯಲ್ಲಿ ಹರಿಯುವುದು ಒಂದು ಆಂಪಿಯರಿಗಿಂತ ಬಹಳ ಕಡಿಮೆ. ರಿಲೇ ಎಳೆದುಕೊಂಡ ಮೇಲೆ ಬ್ಯಾಟರಿಯ ಕರೆಂಟು ಫ್ಯೂಸ್ ದಾಟಿ, ರಿಲೇಯ 30ನೇ ಪಿನ್ನಿನಿಂದ 87ನೇ ಪಿನ್ನಿಗೆ ಬಂದು, ಅಲ್ಲಿಂದ ಹಾರನ್ನಿಗೆ ಹೋಗುತ್ತದೆ. ಒಂದೊಂದು ಹಾರನ್ನು ಸುಮಾರು 3ರಿಂದ 5 ಆಂಪಿಯರ್ ಎಳೆಯುತ್ತದೆ. ಮೊದಲ ದಾರಿಯಲ್ಲಿ ದೋಷವಿದೆಯೋ ಎರಡನೆಯ ದಾರಿಯಲ್ಲಿದೆಯೋ ಎಂಬುದು ಒಂದು ರೂಪಾಯಿಯೂ ಖರ್ಚಿಲ್ಲದೆ ಕಿವಿಯಿಂದಲೇ ತಿಳಿಯುತ್ತದೆ. ಇಂಜಿನ್ ಆಫ್ ಮಾಡಿ, ಫ್ಯೂಸ್ ಪೆಟ್ಟಿಗೆಯ ಮುಚ್ಚಳ ತೆಗೆದು, ಹಾರನ್ ರಿಲೇಯ ಮೇಲೆ ಬೆರಳಿಟ್ಟುಕೊಂಡು, ಮನೆಯವರೊಬ್ಬರಿಗೆ ಹಾರನ್ ಒತ್ತಲು ಹೇಳಿ. ಬೆರಳಿಗೆ ‘ಟಕ್’ ಎಂದು ತಾಗಿದರೆ ಸ್ಟೀರಿಂಗ್ ಸ್ವಿಚ್ಚೂ ಕ್ಲಾಕ್ ಸ್ಪ್ರಿಂಗೂ ತಮ್ಮ ಕೆಲಸ ಮಾಡಿವೆ ಎಂದರ್ಥ. ಆಗ ಸ್ಟೀರಿಂಗ್ ಬಿಚ್ಚುವ ಮಾತೇ ಬರುವುದಿಲ್ಲ.

ಫ್ಯೂಸನ್ನು ಕಣ್ಣಿನಿಂದ ನೋಡಿ ಬಿಡಬೇಡಿ. ಕೂದಲೆಳೆಯ ಬಿರುಕು ಕಾಣಿಸುವುದಿಲ್ಲ. ಬ್ಲೇಡ್ ಫ್ಯೂಸಿನ ತಲೆಯ ಮೇಲೆ ಎರಡು ಸಣ್ಣ ಲೋಹದ ಚುಕ್ಕೆಗಳಿರುತ್ತವೆ. ಫ್ಯೂಸು ಅದರ ಜಾಗದಲ್ಲೇ ಇರುವಾಗ ಎರಡೂ ಚುಕ್ಕೆಗಳಿಗೆ ಮೀಟರಿನ ಕೆಂಪು ಮೊನೆ ತಾಗಿಸಿ, ಕಪ್ಪು ಮೊನೆಯನ್ನು ಬ್ಯಾಟರಿಯ ಮೈನಸ್ಸಿಗೆ ಹಿಡಿಯಿರಿ. ಎರಡೂ ಕಡೆ ಬ್ಯಾಟರಿಯ ವೋಲ್ಟ್ ಬರಬೇಕು.

ಇನ್ನೊಂದು ಪ್ರಶ್ನೆ: ಈಚೆಗೆ ಕಾರಿನ ಮುಂಭಾಗಕ್ಕೆ ಏನಾದರೂ ಕೆಲಸ ಮಾಡಿಸಿದ್ದೀರಾ? ಬಂಪರ್, ಪೇಂಟ್, ಮಂಜಿನ ದೀಪ, ಯಾವುದಾದರೂ ಸರಿ.

ವಿಜಯನಗರ 4ನೇ ಹಂತ

ಮೇಲಿನವರ ಮಾತಿಗೆ ಒಂದು ಸೇರ್ಪಡೆ. ಕೆಲವು ಕಾರುಗಳಲ್ಲಿ ಕಳ್ಳತನದ ಅಲಾರಂ ಬಾರಿಸುವುದೂ ಅದೇ ಹಾರನ್ನು. ಅಂಥ ಕಾರಿನಲ್ಲಿ ಅಲಾರಂ ಕೂಗಿ, ಸ್ಟೀರಿಂಗಿನಿಂದ ಒತ್ತಿದಾಗ ಮಾತ್ರ ಕೂಗದಿದ್ದರೆ ಹಾರನ್ನು ಸರಿಯಾಗಿದೆ, ದೋಷ ಸ್ವಿಚ್ಚಿನ ಕಡೆಯಲ್ಲಿದೆ ಎಂದು ಬಾನೆಟ್ ತೆರೆಯದೆಯೇ ಹೇಳಬಹುದು. ಅಲಾರಮ್ಮಿಗೆ ಬೇರೆಯೇ ಸೈರನ್ ಇರುವ ಕಾರುಗಳಿಗೆ ಇದು ಅನ್ವಯಿಸುವುದಿಲ್ಲ.

ಈಚಿನ ಹಲವು ಕಾರುಗಳಲ್ಲಿ ಸ್ಟೀರಿಂಗ್ ಸ್ವಿಚ್ಚಿನ ಸಂಕೇತವು ಮೊದಲು ಬಾಡಿ ಕಂಟ್ರೋಲ್ ಮಾಡ್ಯೂಲ್ ಎಂಬ ಪೆಟ್ಟಿಗೆಗೆ ಹೋಗುತ್ತದೆ, ಅಲ್ಲಿಂದ ರಿಲೇಗೆ ಆಜ್ಞೆ ಬರುತ್ತದೆ. ಅಂಥ ಕಾರುಗಳಲ್ಲಿ ಸಿಕ್ಕಸಿಕ್ಕ ತಂತಿಗೆ ಬ್ಯಾಟರಿಯ ಪ್ಲಸ್ ಕೊಟ್ಟು ನೋಡುವ ಹಳೆಯ ರೂಢಿಯನ್ನು ಬಿಡಬೇಕು. ಮಾಡ್ಯೂಲ್ ಸುಟ್ಟರೆ ಹಾರನ್ನಿನ ಬೆಲೆಗೆ ಹೋಲಿಸಲಾಗದಷ್ಟು ಖರ್ಚು ಬರುತ್ತದೆ. ಹತ್ತು ವರ್ಷ ಹಳೆಯ ಸಾಧಾರಣ ಹ್ಯಾಚ್‌ಬ್ಯಾಕ್ ಆದ್ದರಿಂದ ನಿಮ್ಮದರಲ್ಲಿ ಬಹುಶಃ ಕಿತ್ತು ಹಾಕಬಹುದಾದ ರಿಲೇಯೇ ಇರುತ್ತದೆ.

ಪಾಂಡವಪುರದವ

ನಮ್ಮ ಕಡೆ ಹಾರನ್ ನಿಂತರೆ ಮೊದಲು ಅನುಮಾನಿಸುವುದು ಇಲಿಯನ್ನು. ಕಬ್ಬಿನ ಗದ್ದೆಯ ಪಕ್ಕ, ಭತ್ತದ ಮೂಟೆ ಇಟ್ಟ ಕೊಟ್ಟಿಗೆಯಲ್ಲಿ ಕಾರು ನಿಲ್ಲಿಸುವವರ ಬಾನೆಟ್ ಒಳಗೆ ರಾತ್ರಿ ಬೆಚ್ಚಗಿರುತ್ತದೆಂದು ಇಲಿಗಳು ಸೇರಿಕೊಂಡು ತಂತಿ ಕಡಿಯುತ್ತವೆ. ಹಾರನ್ನಿಗೆ ಹೋಗುವ ತಂತಿಯು ರೇಡಿಯೇಟರಿನ ಮುಂದೆ ಒಂಟಿಯಾಗಿ ಇಳಿದಿರುವುದರಿಂದ ಅದಕ್ಕೆ ಬಾಯಿ ಹಾಕುವುದು ಸುಲಭ. ಟಾರ್ಚ್ ಹಿಡಿದು ತಂತಿಯ ಉದ್ದಕ್ಕೂ ನೋಡಿ. ಹಿಕ್ಕೆ, ಹೊಟ್ಟು, ತಂತಿಯ ಮೇಲಿನ ಪ್ಲಾಸ್ಟಿಕ್ ಚೂರು ಕಂಡರೆ ಅಲ್ಲೇ ಹುಡುಕಿ.

ಸಕ್ಕರೆನಾಡು

ಎಲ್ಲರಿಗೂ ಧನ್ಯವಾದ. ಹೇಳಿದ್ದನ್ನೆಲ್ಲ ನೋಡಿದೆ. ಇಲಿಯ ಗುರುತಿಲ್ಲ. ರಿಲೇ ಬೆರಳಿಗೆ ಸ್ಪಷ್ಟವಾಗಿ ‘ಟಕ್’ ಎನ್ನುತ್ತದೆ. ಫ್ಯೂಸಿನ ಎರಡೂ ಚುಕ್ಕೆಗಳಲ್ಲಿ 12.4 ವೋಲ್ಟ್ ಇದೆ. ಮೇಲಿನ ಗ್ರಿಲ್ ಬಿಚ್ಚಿದಾಗ ಎರಡು ಹಾರನ್‌ಗಳು ಒಂದೇ ಪಟ್ಟಿಯ ಎರಡು ತುದಿಗೆ ಕೂತಿರುವುದು ಕಾಣಿಸಿತು. ಪ್ರತಿಯೊಂದಕ್ಕೂ ಒಂದೇ ತಂತಿ ಬಂದಿದೆ, ಎರಡನೆಯ ತಂತಿ ಇಲ್ಲ. ತಂತಿಯ ಕಪ್ಲರನ್ನು ಹಾರನ್ನಿನಿಂದ ಕಳಚಿ, ಕಪ್ಲರಿನ ಒಳಗೆ ಕೆಂಪು ಮೊನೆ, ಬ್ಯಾಟರಿಯ ಮೈನಸ್ಸಿಗೆ ಕಪ್ಪು ಮೊನೆ ಇಟ್ಟು, ಮಗಳಿಂದ ಹಾರನ್ ಒತ್ತಿಸಿದಾಗ ಅಲ್ಲೂ 12.4 ಬಂತು. ಸ್ಪ್ಯಾನರಿನಿಂದ ತಟ್ಟಿದರೂ ಕೂಗಲಿಲ್ಲ.

ಮುಂಭಾಗದ ಕೆಲಸ ಮಾಡಿಸಿದ್ದು ನಿಜ. ಆರೇಳು ತಿಂಗಳ ಹಿಂದೆ ಶ್ರೀರಂಗಪಟ್ಟಣದ ಬಳಿ ಮುಂದಿನ ವಾಹನಕ್ಕೆ ಸಣ್ಣಗೆ ತಗುಲಿ ಬಂಪರ್ ಮತ್ತು ರೇಡಿಯೇಟರಿನ ಮೇಲಿನ ಅಡ್ಡಪಟ್ಟಿಯನ್ನು ನೇರ ಮಾಡಿಸಿ ಪೇಂಟ್ ಹೊಡೆಸಿದ್ದೆ. ತಂತಿಯವರೆಗೆ ವೋಲ್ಟ್ ಪೂರ್ತಿ ಬರುತ್ತಿರುವುದರಿಂದ ಹಾರನ್‌ಗಳೇ ಕೆಟ್ಟಿವೆ ಎಂದು ತಿಳಿದು ಹೊಸ ಜೊತೆ ಕೊಳ್ಳಬಹುದೇ?

ಹಳೇ ವೈರಿಂಗ್

ಕೊಳ್ಳಬೇಡಿ, ಸ್ವಲ್ಪ ತಡೆಯಿರಿ. ಹೊಸ ಹಾರನ್ ತಂದು ಅದೇ ಪಟ್ಟಿಗೆ ಕೂರಿಸಿ, ಅದೂ ಕೂಗದೆ, ಅಂಗಡಿಯವನ ಜೊತೆ ಜಗಳವಾಡಿದವರನ್ನು ಬೇಕಾದಷ್ಟು ನೋಡಿದ್ದೇನೆ.

ಒಂದೇ ತಂತಿಯ ಹಾರನ್ನಿಗೆ ಅರ್ತ್ ಬರುವುದು ಅದರ ಮೈಯಿಂದ. ಹಾರನ್ನಿನ ಮೈ, ಅದನ್ನು ಹಿಡಿದ ಪಟ್ಟಿ, ಪಟ್ಟಿಯ ಬೋಲ್ಟು, ಕಾರಿನ ಲೋಹ, ಕೊನೆಗೆ ಬ್ಯಾಟರಿಯ ಮೈನಸ್ಸು. ವಾಪಸು ದಾರಿ ಇದು. ನೀವು ಕಪ್ಪು ಮೊನೆಯನ್ನು ನೇರವಾಗಿ ಬ್ಯಾಟರಿಗೆ ಇಟ್ಟಿದ್ದರಿಂದ ಕರೆಂಟು ಬರುವ ದಾರಿ ಮಾತ್ರ ಪರೀಕ್ಷೆಯಾಗಿದೆ, ಹೋಗುವ ದಾರಿ ಆಗಿಲ್ಲ. ಅಲ್ಲದೆ ಕಪ್ಲರ್ ಕಳಚಿ ನೋಡಿದ 12.4ಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ.

ಕಪ್ಲರನ್ನು ಹಾರನ್ನಿಗೆ ಮತ್ತೆ ಸಿಕ್ಕಿಸಿ. ಕಪ್ಪು ಮೊನೆ ಬ್ಯಾಟರಿಯ ಮೈನಸ್ಸಿನಲ್ಲೇ ಇರಲಿ. ಮಗಳು ಹಾರನ್ ಒತ್ತಿ ಹಿಡಿದಾಗ ಕೆಂಪು ಮೊನೆಯನ್ನು ಮೊದಲು ಕಪ್ಲರಿನ ಹಿಂಬದಿಯಿಂದ ಟರ್ಮಿನಲ್ಲಿಗೆ ತಾಗಿಸಿ ಬರೆದುಕೊಳ್ಳಿ. ನಂತರ ಹಾರನ್ನಿನ ಮೈಯ ಬರಿ ಲೋಹಕ್ಕೆ, ಬಣ್ಣವಿದ್ದರೆ ಸ್ವಲ್ಪ ಕೆರೆದು, ತಾಗಿಸಿ ಬರೆದುಕೊಳ್ಳಿ. ಎರಡನೆಯ ಅಂಕಿ ಸೊನ್ನೆಯ ಹತ್ತಿರ ಇರಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ಅರ್ತ್ ಸರಿಯಿಲ್ಲ. ಒಂದೇ ಸಲ ಬಹಳ ಹೊತ್ತು ಒತ್ತಿಸಬೇಡಿ. ನಿಂತುಹೋದ ಹಾರನ್ನಿನಲ್ಲಿ ಪಾಯಿಂಟು ಬಿಡದೆ ಕಾಯಿಲ್ ಬಿಸಿಯಾಗುತ್ತದೆ.

ಸಕ್ಕರೆನಾಡು

ಸರ್, ಅಂಕಿಗಳು ಹೀಗಿವೆ. ಟರ್ಮಿನಲ್ಲಿನಲ್ಲಿ 12.1. ಹಾರನ್ನಿನ ಮೈಯಲ್ಲಿ 9.2. ಮೈಯಲ್ಲಿ ಇಷ್ಟೊಂದು ವೋಲ್ಟ್ ಹೇಗೆ ಬಂತೆಂದು ಅರ್ಥವಾಗಲಿಲ್ಲ. ಮೀಟರಿನಲ್ಲಿ ದೋಷವಿರಬಹುದೇ?

ಭೌತಶಾಸ್ತ್ರ ಮೇಡಂ

ನಾನು ಸರಸ್ವತೀಪುರಂನಲ್ಲಿದ್ದೇನೆ, ಪಿಯು ಮಕ್ಕಳಿಗೆ ಪಾಠ ಮಾಡುತ್ತೇನೆ. ಮೀಟರ್ ಸರಿಯಾಗಿಯೇ ಇದೆ. ಈ ಎರಡು ಅಂಕಿಗಳಲ್ಲಿ ಪೂರ್ತಿ ಉತ್ತರ ಸಿಕ್ಕಿದೆ ಎಂದೇ ನನ್ನ ಅಭಿಪ್ರಾಯ.

ಹಾರನ್ನು ಕೂಗಲು ಬೇಕಾದದ್ದು ಅದರ ಎರಡು ತುದಿಗಳ ನಡುವಿನ ವೋಲ್ಟೇಜು. ಒಂದು ತುದಿಯಲ್ಲಿ 12.1, ಇನ್ನೊಂದು ತುದಿಯಾದ ಮೈಯಲ್ಲಿ 9.2. ಕಳೆದರೆ ಉಳಿಯುವುದು 2.9 ವೋಲ್ಟ್. ಹನ್ನೆರಡು ವೋಲ್ಟಿನ ಹಾರನ್ನಿಗೆ ಮೂರು ವೋಲ್ಟ್ ಕೊಟ್ಟರೆ ಡಯಾಫ್ರಮ್ಮನ್ನು ಎಳೆಯುವಷ್ಟು ಬಲ ಕಾಯಿಲ್‌ಗೆ ಬರುವುದಿಲ್ಲ. ಉಳಿದ 9.2 ವೋಲ್ಟು ಹಾರನ್ನಿನ ಮೈಯಿಂದ ಬ್ಯಾಟರಿಯ ಮೈನಸ್ಸಿನವರೆಗಿನ ದಾರಿಯಲ್ಲಿ, ಎಲ್ಲೋ ಒಂದು ಕೆಟ್ಟ ಸಂದಿಯಲ್ಲಿ, ಖರ್ಚಾಗುತ್ತಿದೆ.

ಹಾಗಾದರೆ ಕಪ್ಲರ್ ಕಳಚಿದಾಗ ಏಕೆ ಎಲ್ಲ ಸರಿಯಾಗಿ ಕಂಡಿತು ಎಂಬುದನ್ನು ನಮ್ಮ ಮಕ್ಕಳೂ ಕೇಳುತ್ತಾರೆ. ಒಂದು ನಿರೋಧದ ಮೇಲೆ ಬೀಳುವ ವೋಲ್ಟೇಜು ಅದರ ಮೂಲಕ ಹರಿಯುವ ಕರೆಂಟನ್ನು ಅವಲಂಬಿಸಿದೆ. ಓಮ್‌ನ ನಿಯಮ ಹೇಳುವುದು ಅಷ್ಟನ್ನೇ. ಡಿಜಿಟಲ್ ಮೀಟರಿನ ಒಳ ನಿರೋಧ ಸಾಮಾನ್ಯವಾಗಿ ಸುಮಾರು 10 ಮೆಗಾಓಮ್ ಇರುವುದರಿಂದ ಅದು ಎಳೆಯುವ ಕರೆಂಟು ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಕರೆಂಟು ಹರಿಯದಿದ್ದರೆ ಕಿಲುಬು ಹಿಡಿದ ಸಂದಿಯೂ ಹೊಸದರಂತೆಯೇ ಕಾಣುತ್ತದೆ. ಪೈಪಿನೊಳಗೆ ಹೂಳು ತುಂಬಿದ್ದರೂ ನಲ್ಲಿ ಮುಚ್ಚಿರುವಾಗ ತುದಿಯಲ್ಲಿ ಒತ್ತಡ ಪೂರ್ತಿ ಇರುತ್ತದೆ, ನಲ್ಲಿ ತಿರುಗಿಸಿದಾಗಲೇ ಸಣ್ಣ ಧಾರೆ ಕಾಣುವುದು, ಇಲ್ಲೂ ಹಾಗೆಯೇ. ಲೆಕ್ಕ ಸುಲಭವಾಗಲೆಂದು ಹಾರನ್ನನ್ನು 3 ಓಮ್ ಎಂದಿಟ್ಟುಕೊಂಡರೆ, ದಾರಿಯಲ್ಲಿ ಇನ್ನೊಂದು 3 ಓಮ್ ಅಡ್ಡ ಬಂದರೆ ಸಾಕು, ಹಾರನ್ನಿಗೆ ದಕ್ಕುವುದು ಆರೇ ವೋಲ್ಟು. ಆ ಮೂರು ಓಮನ್ನು ಮೀಟರಿನ ಓಮ್ ಭಾಗದಲ್ಲಿ ಹುಡುಕಲು ಹೋದರೆ ಕೆಲವೊಮ್ಮೆ ಸಿಗುವುದೂ ಇಲ್ಲ, ಏಕೆಂದರೆ ಮೀಟರ್ ಕಳಿಸುವ ಕರೆಂಟು ತೀರಾ ಸಣ್ಣದು. ಹಾರನ್ ಜೋಡಿಸಿರುವಾಗಲೇ ಅಳೆಯಬೇಕೆಂದು ಹಿರಿಯರು ಪಟ್ಟು ಹಿಡಿದದ್ದು ಇದಕ್ಕೇ.

ಬರುವ ದಾರಿಯಲ್ಲಿ ಕಳೆದುಹೋಗಿರುವುದು ಬಹಳವೆಂದರೆ 0.3 ವೋಲ್ಟ್. ಫ್ಯೂಸ್, ರಿಲೇ, ತಂತಿ ಮೂರರ ಮೇಲಿನ ಅನುಮಾನವನ್ನೂ ಕೈಬಿಡಬಹುದು.

ಮದ್ದೂರು ಟ್ಯಾಕ್ಸಿ

ಮೇಡಂ, ಲೆಕ್ಕ ಚೆನ್ನಾಗಿದೆ, ಆದರೆ ರಸ್ತೆಯಲ್ಲಿ ನಿಂತವನ ಬಳಿ ಮೀಟರ್ ಇರುವುದಿಲ್ಲ. ನಮ್ಮ ಬಳಿ ಇರುವುದು ಹೋಲ್ಡರಿಗೆ ಎರಡು ತಂತಿ ಕಟ್ಟಿದ ಹಳೆಯ ಬಲ್ಬು ಮಾತ್ರ. ಅದು ಸಾಲದೇ?

ಹಳೇ ವೈರಿಂಗ್

ಸಾಲುತ್ತದೆ, ಕೆಲವೊಮ್ಮೆ ಮೀಟರಿಗಿಂತ ಒಳ್ಳೆಯದೇ. ಇಂಡಿಕೇಟರಿನ 21 ವ್ಯಾಟ್ ಬಲ್ಬು 12 ವೋಲ್ಟಿನಲ್ಲಿ ಹೆಚ್ಚುಕಡಿಮೆ 1.75 ಆಂಪಿಯರ್ ಎಳೆಯುತ್ತದೆ. ಅಷ್ಟು ಭಾರ ಹೊತ್ತಾಗ ಕೆಟ್ಟ ಸಂದಿ ತನ್ನ ಗುಟ್ಟು ಬಿಟ್ಟುಕೊಡುತ್ತದೆ. ಬಲ್ಬು ಮಂಕಾಗಿ ಉರಿಯುತ್ತದೆ. ಕಪ್ಲರಿನ ಟರ್ಮಿನಲ್ಲಿಗೂ ಹಾರನ್ನಿನ ಪಟ್ಟಿಗೂ ನಡುವೆ ಬಲ್ಬು ಹಿಡಿದು ಹಾರನ್ ಒತ್ತಿಸಿದರೆ ಎರಡೂ ದಾರಿಗಳು ಒಟ್ಟಿಗೇ ಪರೀಕ್ಷೆಯಾಗುತ್ತವೆ. ಆದರೆ ಆ ಬಲ್ಬನ್ನು ಸ್ಟೀರಿಂಗ್ ಒಳಗಿನ ತಂತಿಗಳಿಗಾಗಲಿ ಮಾಡ್ಯೂಲಿನ ತಂತಿಗಳಿಗಾಗಲಿ ತಾಗಿಸಬಾರದು.

ಸಕ್ಕರೆನಾಡು ಅವರೇ, ಈಗ ಕೊನೆಯ ಪರೀಕ್ಷೆ. ದಪ್ಪನೆಯ ತಂತಿಯೊಂದನ್ನು ತೆಗೆದುಕೊಂಡು ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಹಾರನ್ನಿನ ಪಟ್ಟಿಯ ಕೆರೆದ ಲೋಹಕ್ಕೆ ಒತ್ತಿ ಹಿಡಿದು ಹಾರನ್ ಒತ್ತಿಸಿ. ತಂತಿ ಪ್ಲಸ್ಸಿಗೆ ಮಾತ್ರ ಎಲ್ಲೂ ತಗುಲದಂತೆ ನೋಡಿಕೊಳ್ಳಿ.

ಸಕ್ಕರೆನಾಡು

ಕೂಗಿತು! ಮೈ ಬೆಚ್ಚಿಬೀಳುವಷ್ಟು ಜೋರಾಗಿ. ಆದರೆ ಎರಡರಲ್ಲಿ ಒಂದು ಮಾತ್ರ. ಬಲಗಡೆಯದು ಒತ್ತಿದಾಗಲೊಮ್ಮೆ ‘ಟಿಕ್’ ಎಂದು ಸುಮ್ಮನಾಗುತ್ತದೆ.

ಪಟ್ಟಿಯ ಬೋಲ್ಟು ಬಿಚ್ಚಿದೆ. ಅಡ್ಡಪಟ್ಟಿಗೆ ಹೊಡೆದ ಹೊಸ ಪೇಂಟು ಬೋಲ್ಟಿನ ರಂಧ್ರದ ಸುತ್ತ ಒಂದು ದಪ್ಪ ಉಂಗುರದಂತೆ ಕೂತಿತ್ತು. ಹಾರನ್ನಿನ ಪಟ್ಟಿ ಆ ಪೇಂಟಿನ ಮೇಲೇ ಕೂತು ಬಿಗಿಯಾಗಿತ್ತು. ಇಷ್ಟು ದಿನ ಅರ್ತ್ ಸಿಗುತ್ತಿದ್ದದ್ದು ಬೋಲ್ಟಿನ ಹಲ್ಲುಗಳ ಮೂಲಕ ಮಾತ್ರವೆಂದು ತೋರುತ್ತದೆ, ಏಕೆಂದರೆ ಆ ಹಲ್ಲುಗಳ ನಡುವೆ ಕಂದು ತುಕ್ಕು ಪುಡಿಪುಡಿಯಾಗಿ ಉದುರಿತು. ಪಟ್ಟಿಯ ಕೆಳಮೈಯಲ್ಲಿ ತೇವವೂ ಇತ್ತು.

ಹಳೇ ವೈರಿಂಗ್

ನಿಮ್ಮ ಹಾರನ್ ಮೊದಲು ಗೊಗ್ಗರಾಗಿ, ಆಮೇಲೆ ಬಿಟ್ಟುಬಿಟ್ಟು ಕೂಗಿ, ಮಳೆ ಬಿದ್ದ ಮೇಲೆ ನಿಂತದ್ದಕ್ಕೆ ಕಾರಣ ಅದೇ. ಪೇಂಟ್ ಹೊಡೆಯುವವರು ಅರ್ತ್ ಬೋಲ್ಟಿನ ಜಾಗಕ್ಕೆ ಟೇಪ್ ಅಂಟಿಸಿ ಹೊಡೆಯಬೇಕು, ಯಾರೂ ಅಂಟಿಸುವುದಿಲ್ಲ. ಮುಂಭಾಗಕ್ಕೆ ಪೇಂಟ್ ಮಾಡಿಸಿದವರು ಹೆಡ್‌ಲೈಟು ಮಂಕಾಗಿದೆಯೇ ಎಂದೂ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು, ಏಕೆಂದರೆ ಕೆಲವು ಕಾರುಗಳಲ್ಲಿ ಅದರ ಅರ್ತೂ ಅಲ್ಲೇ ಹತ್ತಿರದಲ್ಲಿರುತ್ತದೆ.

ರಂಧ್ರದ ಸುತ್ತ ಒಂದು ರೂಪಾಯಿ ನಾಣ್ಯದ ಅಗಲಕ್ಕೆ ಪೇಂಟನ್ನು ಎಮರಿ ಕಾಗದದಿಂದ ಉಜ್ಜಿ ಬಿಳಿ ಲೋಹ ಕಾಣುವಂತೆ ಮಾಡಿ. ಪಟ್ಟಿಯ ಬುಡವನ್ನೂ ಹಾಗೆಯೇ ಉಜ್ಜಿ. ಬೋಲ್ಟು ಹೊಸದು ಹಾಕಿ, ನಡುವೆ ಹಲ್ಲಿರುವ ಸ್ಟಾರ್ ವಾಷರ್ ಇಡಿ. ಅದು ಎರಡೂ ಕಡೆ ಲೋಹಕ್ಕೆ ಕಚ್ಚಿಕೊಳ್ಳುತ್ತದೆ. ಬಿಗಿ ಮಾಡಿದ ನಂತರ ಮೇಲೆ ವ್ಯಾಸಲೀನ್ ಸವರಿದರೆ ನೀರು ಇಳಿಯುವುದಿಲ್ಲ. ಬಿಗಿ ಮಾಡುವ ಮೊದಲೇ ಮೆತ್ತುವವರಿದ್ದಾರೆ. ಲೋಹ ಲೋಹಕ್ಕೆ ಕಚ್ಚಿದ ಮೇಲೆ ಸವರುವುದು ನನ್ನ ಪದ್ಧತಿ. ಕಪ್ಲರಿನ ಒಳಗಿನ ಹಿತ್ತಾಳೆಯಲ್ಲಿ ಹಸಿರು ಕಿಲುಬಿದ್ದರೆ ಅದನ್ನೂ ಕೆರೆದುಬಿಡಿ.

ಹಾರನ್ನನ್ನು ಹಿಡಿದಿರುವ ಎಲೆಎಲೆಯಾದ ಸ್ಪ್ರಿಂಗ್ ಪಟ್ಟಿಯನ್ನು ತೆಗೆದು ದಪ್ಪ ಕಬ್ಬಿಣದ ಪಟ್ಟಿಗೆ ಬಿಗಿಯಬೇಡಿ. ಹಾರನ್ ಕೂಗುವಾಗ ಅದರ ಮೈ ಪೂರ್ತಿ ಅದುರಬೇಕು. ಆ ಪಟ್ಟಿ ಬಾಗಿಕೊಡುವುದರಿಂದಲೇ ದನಿ ಸರಿಯಾಗಿ ಬರುತ್ತದೆ. ಹಾರನ್ನು ಗ್ರಿಲ್ಲಿಗಾಗಲಿ ಬಂಪರಿಗಾಗಲಿ ತಾಗಿದರೂ ದನಿ ಒಡೆಯುತ್ತದೆ.

‘ಟಿಕ್’ ಎನ್ನುವ ಹಾರನ್ನಿನ ವಿಷಯ ಬೇರೆ. ಕಾಯಿಲ್ ಎಳೆಯುತ್ತಿದೆ, ಆದರೆ ಪಾಯಿಂಟು ಬಿಡುತ್ತಿಲ್ಲ. ಬೆನ್ನಿನ ಮೇಲೆ ಪೇಂಟಿನಿಂದ ಸೀಲ್ ಮಾಡಿದ ಒಂದು ಸ್ಕ್ರೂ ಇದ್ದರೆ ಅದನ್ನು ಕಾಲು ಸುತ್ತಿಗಿಂತ ಹೆಚ್ಚಿಲ್ಲದಂತೆ ಅತ್ತಿತ್ತ ತಿರುಗಿಸಿ ನೋಡಬಹುದು. ಅದು ಪಾಯಿಂಟಿನ ಅಂತರ ಹೊಂದಿಸುವ ಸ್ಕ್ರೂ. ತಿರುಗಿಸುತ್ತಾ ಹೋದರೆ ಹಾರನ್ ಹೆಚ್ಚು ಆಂಪಿಯರ್ ಎಳೆದು ಫ್ಯೂಸ್ ಹೋಗುತ್ತದೆ. ಹತ್ತು ವರ್ಷ ನೀರು ಕುಡಿದ ಹಾರನ್ ಅದರಿಂದ ಸರಿಹೋದರೂ ಬಹಳ ದಿನ ಬಾಳುವುದಿಲ್ಲ.

ವಿಜಯನಗರ 4ನೇ ಹಂತ

ಹೊಸದು ಕೊಳ್ಳುವುದಾದರೆ ಮೊದಲು ಯಾವ ಹಾರನ್ ಸತ್ತಿದೆ ಎಂದು ನೋಡಿ. ಜೋಡಿ ಹಾರನ್‌ಗಳಲ್ಲಿ ಒಂದು ತಗ್ಗು ದನಿಯದು, ಒಂದು ಏರು ದನಿಯದು. ಮೈಮೇಲೆ ‘ಎಲ್’ ಅಥವಾ ‘ಎಚ್’ ಎಂದೋ, ಹರ್ಟ್ಸ್ ಲೆಕ್ಕದಲ್ಲಿ ಅಂಕಿಯೋ ಅಚ್ಚಾಗಿರುತ್ತದೆ. ಎರಡೂ ಒಂದೇ ದನಿಯವಾದರೆ ಕೇಳಲು ಬಡಕಲಾಗಿರುತ್ತದೆ. ಆಂಪಿಯರ್ ಹಳೆಯದರಷ್ಟೇ ಇರಲಿ. ಫ್ಯೂಸ್ ಹಾರುತ್ತದೆಂದು 15ರ ನೀಲಿ ಫ್ಯೂಸ್ ತೆಗೆದು 20ರ ಹಳದಿ ಹಾಕುವ ಚಾಳಿ ನಮ್ಮಲ್ಲಿ ಬಹಳ ಇದೆ. ಫ್ಯೂಸ್ ಇರುವುದು ತಂತಿಯನ್ನು ಕಾಯಲು. ದೊಡ್ಡ ಫ್ಯೂಸ್ ಹಾಕಿದರೆ ಮುಂದಿನ ಸಲ ಕರಗುವುದು ತಂತಿ.

ಬಾಯಿ ತೆರೆದ ಶಂಖದಾಕಾರದ ಹಾರನ್ ಆದರೆ ಬಾಯಿ ಕೆಳಮುಖವಾಗಿ ಬರುವಂತೆ ಕೂರಿಸಿ, ಒಳಗೆ ಹೋದ ನೀರು ಇಳಿದುಹೋಗುತ್ತದೆ. ಸರ್ವಿಸ್ ಸ್ಟೇಷನ್ನಿನಲ್ಲಿ ಪ್ರೆಷರ್ ವಾಷರನ್ನು ನೇರವಾಗಿ ಗ್ರಿಲ್ ಒಳಗೆ ಹಿಡಿಯದಂತೆ ನಿಂತು ಹೇಳಬೇಕು. ನಾವು ಟೀ ಕುಡಿಯಲು ಹೋದಾಗಲೇ ಅವರು ಹಿಡಿಯುವುದು ಎಂಬುದು ಬೇರೆ ಮಾತು.

ಪಾಂಡವಪುರದವ

ಹೇಗೂ ಬಿಚ್ಚಿದ್ದೀರಿ, ಲಾರಿಗೆ ಹಾಕುವಂಥ ಪ್ರೆಷರ್ ಹಾರನ್ ಒಂದು ಹಾಕಿಸಿಬಿಡಿ ಅಣ್ಣ. ಕಬ್ಬು ಅರೆಯುವ ಹಂಗಾಮಿನಲ್ಲಿ ಟ್ರ್ಯಾಕ್ಟರಿನವರು ಜೋರಾಗಿ ಹಾಡು ಹಾಕಿಕೊಂಡು ಹೋಗುವಾಗ ಕಾರಿನ ಹಾರನ್ ಅವರ ಕಿವಿಗೇ ಬೀಳುವುದಿಲ್ಲ.

ವಿಜಯನಗರ 4ನೇ ಹಂತ

ಕಷ್ಟ ಅರ್ಥವಾಗುತ್ತದೆ, ಆದರೆ ಅದಕ್ಕೆ ಕಾನೂನಿನ ಒಪ್ಪಿಗೆಯಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು 1989ರ 119ನೇ ನಿಯಮವು ಬಗೆಬಗೆಯ ಸ್ವರಗಳನ್ನು ಒಂದಾದ ಮೇಲೊಂದು ಹೊರಡಿಸುವ ಹಾಗೂ ಅತಿಯಾಗಿ ಕರ್ಕಶವಾದ, ಕಿವಿಗಡಚಿಕ್ಕುವ ಹಾರನ್‌ಗಳನ್ನು ನಿಷೇಧಿಸುತ್ತದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 194ಎಫ್ ವಿಧಿಯ ಪ್ರಕಾರ ಅನಗತ್ಯವಾಗಿ ಅಥವಾ ಹಾರನ್ ನಿಷೇಧದ ಫಲಕವಿರುವಲ್ಲಿ ಹಾರನ್ ಬಾರಿಸಿದರೆ ಮೊದಲ ಸಲ 1000 ರೂಪಾಯಿ, ಮರುಕಳಿಸಿದರೆ 2000 ರೂಪಾಯಿ ದಂಡವಿದೆ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ಕನಿಷ್ಠ 100 ಮೀಟರ್ ನಿಶ್ಶಬ್ದ ವಲಯವಾಗಬಹುದೆಂದು 2000ದ ಶಬ್ದ ಮಾಲಿನ್ಯ ನಿಯಮಗಳು ಹೇಳುತ್ತವೆ. ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆಯ ಪಕ್ಕದಲ್ಲಿ ಸಿಗ್ನಲ್ ಬೀಳುವ ಮೊದಲೇ ಹಾರನ್ ಒತ್ತುವವರನ್ನು ನೋಡಿದರೆ ಈ ನಿಯಮ ಎಷ್ಟು ಜನರಿಗೆ ಗೊತ್ತಿದೆಯೋ ಎನಿಸುತ್ತದೆ.

ಮದ್ದೂರು ಟ್ಯಾಕ್ಸಿ

ಹಾಗೆಂದು ಹಾರನ್ ಇಲ್ಲದೆ ಓಡಾಡಲೂ ಆಗುವುದಿಲ್ಲ ಸರ್. 2023ರ ಆಗಸ್ಟಿನಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೆ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಬಿಡದಿರುವುದರಿಂದ ಅವೆಲ್ಲ ಸರ್ವಿಸ್ ರಸ್ತೆಗೆ ಬಂದಿವೆ. ಎದುರು ದಿಕ್ಕಿನಿಂದ ಬರುವವರೂ ಅಲ್ಲೇ. ಚಾಮುಂಡಿ ಬೆಟ್ಟದ ತಿರುವುಗಳಲ್ಲಂತೂ ಹಾರನ್ ಇಲ್ಲದ ಗಾಡಿಯನ್ನು ನಾನು ಹತ್ತಿಸುವುದಿಲ್ಲ.

ನನ್ನದೊಂದು ಪ್ರಶ್ನೆ, ವಿಷಯ ಸ್ವಲ್ಪ ತಿರುಗುಮುರುಗು. ನಮ್ಮ ಸ್ಟ್ಯಾಂಡಿನ ಒಂದು ಗಾಡಿಯ ಹಾರನ್ ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿದಾಗ ಮಾತ್ರ ಕೆಲಸ ಮಾಡುತ್ತದೆ. ಅದರ ಏರ್‌ಬ್ಯಾಗ್ ದೀಪವೂ ಆರುವುದಿಲ್ಲ. ಅದೂ ಅರ್ತಿನ ದೋಷವೇ?

ಹಳೇ ವೈರಿಂಗ್

ಅಲ್ಲ. ಅದು ಕ್ಲಾಕ್ ಸ್ಪ್ರಿಂಗ್, ಬಹುಮಟ್ಟಿಗೆ ಖಚಿತ. ಸ್ಟೀರಿಂಗಿನ ಅಡಿಯಲ್ಲಿ ಸುರುಳಿ ಸುತ್ತಿದ ಚಪ್ಪಟೆ ರಿಬ್ಬನ್ ತಂತಿಯಿದೆ. ಹಾರನ್, ಏರ್‌ಬ್ಯಾಗ್, ಮ್ಯೂಸಿಕ್ ಗುಂಡಿಗಳ ಎಳೆಗಳೆಲ್ಲ ಅದರಲ್ಲೇ ಹೋಗುತ್ತವೆ. ಸ್ಟೀರಿಂಗ್ ತಿರುಗಿದಂತೆ ಅದು ಬಿಗಿಯಾಗುತ್ತ ಸಡಿಲವಾಗುತ್ತ ಇರುತ್ತದೆ. ಒಳಗೆ ಎಳೆ ಬಿರುಕು ಬಿಟ್ಟರೆ ಒಂದು ಕೋನದಲ್ಲಿ ಕೂಡುತ್ತದೆ, ಇನ್ನೊಂದರಲ್ಲಿ ಬಿಡುತ್ತದೆ. ಸಕ್ಕರೆನಾಡು ಅವರ ಕಾರಿನಲ್ಲಿ ದೀಪ ಆರುತ್ತಿತ್ತು, ಗುಂಡಿಗಳು ಕೆಲಸ ಮಾಡುತ್ತಿದ್ದವು, ರಿಲೇಯೂ ‘ಟಕ್’ ಎಂದಿತು. ಆದ್ದರಿಂದ ಅಲ್ಲಿ ಕ್ಲಾಕ್ ಸ್ಪ್ರಿಂಗಿನ ಹೆಸರೆತ್ತಲು ಆಧಾರವೇ ಇರಲಿಲ್ಲ.

ಆದರೆ ಆ ಗಾಡಿಯನ್ನು ಸ್ಟ್ಯಾಂಡಿನಲ್ಲಿ ಬಿಚ್ಚಬೇಡಿ. ಏರ್‌ಬ್ಯಾಗಿನ ಒಳಗಿರುವುದು ಸಿಡಿಯುವ ಮದ್ದು. ಬ್ಯಾಟರಿಯ ಮೈನಸ್ ಕಳಚಿ, ಕಾರಿನ ಕೈಪಿಡಿಯಲ್ಲಿ ಹೇಳಿದಷ್ಟು ನಿಮಿಷ ಕಾದ ಮೇಲೆಯೇ ಅದನ್ನು ಮುಟ್ಟಬೇಕು, ಏಕೆಂದರೆ ಬ್ಯಾಟರಿ ಕಳಚಿದ ಮೇಲೂ ಏರ್‌ಬ್ಯಾಗ್ ಪೆಟ್ಟಿಗೆಯಲ್ಲಿ ಸ್ವಲ್ಪ ಹೊತ್ತು ಚಾರ್ಜ್ ಉಳಿದಿರುತ್ತದೆ. ಏರ್‌ಬ್ಯಾಗಿನ ಹಳದಿ ಕಪ್ಲರಿಗೆ ಮೀಟರಿನ ಓಮ್ ಭಾಗವನ್ನೋ ಟೆಸ್ಟ್ ಬಲ್ಬನ್ನೋ ಎಂದೂ ಹಿಡಿಯಬಾರದು. ಹೊಸ ಕ್ಲಾಕ್ ಸ್ಪ್ರಿಂಗನ್ನು ಚಕ್ರ ನೇರವಿದ್ದಾಗ ಸರಿಯಾದ ನಡುಬಿಂದುವಿನಲ್ಲಿ ಕೂರಿಸಬೇಕು. ಇಲ್ಲದಿದ್ದರೆ ಮೊದಲ ಪೂರ್ಣ ತಿರುವಿನಲ್ಲೇ ಹರಿಯುತ್ತದೆ. ಅದು ಕೆಲಸ ಬಲ್ಲವರ ಕೈಯಲ್ಲಿ ಆಗಲಿ.

ಭೌತಶಾಸ್ತ್ರ ಮೇಡಂ

ಇನ್ನೊಂದು ಸಂಗತಿಯನ್ನು ಯಾರೂ ಹೇಳಲಿಲ್ಲ. ಹಾರನ್ ಒತ್ತದೆಯೇ ಕೂಗತೊಡಗಿ ನಿಲ್ಲದಿದ್ದರೆ ಏನು ಮಾಡಬೇಕು? ಕಳೆದ ವರ್ಷ ನಮ್ಮ ಬೀದಿಯಲ್ಲಿ ನಡುರಾತ್ರಿ ಹೀಗಾಗಿ ಎಲ್ಲರೂ ಹೊರಗೆ ಬಂದಿದ್ದರು.

ಹಳೇ ವೈರಿಂಗ್

ಹಾರನ್ನಿನ ಫ್ಯೂಸನ್ನೋ ರಿಲೇಯನ್ನೋ ಕಿತ್ತುಬಿಡಿ, ಆ ಕ್ಷಣ ನಿಲ್ಲುತ್ತದೆ. ರಿಲೇ ಕಿತ್ತ ಮೇಲೂ ಕೂಗಿದರೆ ರಿಲೇಯಿಂದ ಹಾರನ್ನಿನವರೆಗಿನ ತಂತಿ ಎಲ್ಲೋ ಪ್ಲಸ್ಸಿಗೆ ತಗುಲಿದೆ. ರಿಲೇ ಕಿತ್ತಾಗ ನಿಂತು, ಹೊಸ ರಿಲೇ ಹಾಕಿದರೂ ಕೂಗಿದರೆ ಸ್ಟೀರಿಂಗಿನಿಂದ ಬರುವ ತಂತಿ ಅರ್ತಿಗೆ ತಗುಲಿದೆ. ಹೊಸ ರಿಲೇಯಿಂದ ಸುಮ್ಮನಾದರೆ ಹಳೆಯದರ ಪಾಯಿಂಟು ಅಂಟಿಕೊಂಡಿತ್ತು, ಅಷ್ಟೆ. ಪರೀಕ್ಷೆಗೆ ಅದೇ ಪೆಟ್ಟಿಗೆಯಲ್ಲಿರುವ ಅದೇ ನಂಬರಿನ ಬೇರೆ ರಿಲೇಯನ್ನು ಅದಲುಬದಲು ಮಾಡಿ ನೋಡಬಹುದು. ಪಿನ್ನುಗಳು ಹೊಂದಿದರೆ ಸಾಲದು, ಮೇಲೆ ಬರೆದ ನಂಬರೂ ಒಂದೇ ಇರಬೇಕು.

ಸಕ್ಕರೆನಾಡು

ಕೆಲಸ ಮುಗಿದಿದೆ. ಪೇಂಟು ಉಜ್ಜಿ, ಸ್ಟಾರ್ ವಾಷರ್ ಇಟ್ಟು, ಹೊಸ ಬೋಲ್ಟು ಹಾಕಿದೆ. ಸತ್ತಿದ್ದು ತಗ್ಗು ದನಿಯ ಹಾರನ್ನು. ಸ್ಕ್ರೂ ತಿರುಗಿಸಿದಾಗ ಒಮ್ಮೆ ಗುರ್ ಎಂದು ಮತ್ತೆ ಸುಮ್ಮನಾಯಿತು, ಆದ್ದರಿಂದ ‘ಎಲ್’ ಎಂದಿರುವ ಒಂದೇ ಒಂದು ಹಾರನ್ ತಂದು ಹಾಕಿದೆ. ಈಗ ಒತ್ತಿದಾಗ ಟರ್ಮಿನಲ್ಲಿನಲ್ಲಿ 11.9, ಹಾರನ್ನಿನ ಮೈಯಲ್ಲಿ 0.1 ವೋಲ್ಟ್ ಬರುತ್ತಿದೆ. ಗ್ಯಾರೇಜಿನವರು ಹೇಳಿದ ಮೊತ್ತದಲ್ಲಿ ಹತ್ತನೇ ಒಂದು ಭಾಗವೂ ಖರ್ಚಾಗಲಿಲ್ಲ.

ಒಂದು ಅನುಮಾನ ಉಳಿದಿದೆ. ಹೊಸ ಹಾರನ್ನಿಗೆ ಎರಡು ಟರ್ಮಿನಲ್ಲುಗಳಿವೆ. ಎರಡನೆಯದಕ್ಕೆ ಸಣ್ಣ ತಂತಿ ಸಿಕ್ಕಿಸಿ ಪಟ್ಟಿಯ ಬೋಲ್ಟಿಗೇ ಕಟ್ಟಿದ್ದೇನೆ. ಪ್ಲಸ್, ಮೈನಸ್ ಗುರುತು ಎಲ್ಲೂ ಇಲ್ಲ. ಅದಲುಬದಲಾದರೆ ತೊಂದರೆಯೇ?

ಹಳೇ ವೈರಿಂಗ್

ಕಾಯಿಲ್ ಮತ್ತು ಪಾಯಿಂಟಿನ ಸಾಧಾರಣ ಹಾರನ್ನಿಗೆ ಪ್ಲಸ್ ಮೈನಸ್ ಭೇದವಿಲ್ಲ. ಹೇಗೆ ಕೊಟ್ಟರೂ ಕೂಗುತ್ತದೆ. ಒಳಗೆ ಎಲೆಕ್ಟ್ರಾನಿಕ್ ಸರ್ಕ್ಯೂಟ್ ಇರುವ ಹಾರನ್ನಿಗೆ ಮಾತ್ರ ಭೇದವಿದೆ, ಅದರ ಮೇಲೆ ಗುರುತೂ ಇರುತ್ತದೆ. ನೀವು ಕಟ್ಟಿದ ಅರ್ತ್ ತಂತಿ ಪ್ಲಸ್ ತಂತಿಯಷ್ಟೇ ದಪ್ಪವಿದ್ದರೆ ಸಾಕು. ಅದು ರೇಡಿಯೇಟರಿನ ಫ್ಯಾನಿಗೆ ತಗುಲದಂತೆ ಒಂದು ಟ್ಯಾಗ್ ಹಾಕಿ ಕಟ್ಟಿಬಿಡಿ.